ಮೊದಲು ಕೌಂಟರ್ ಕೆಳಗೆ ನೋಡು

ಎಸ್.ಎಸ್. ಪುರಂ, ತುಮಕೂರು

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಕ್ಯಾತ್ಸಂದ್ರದ ಹೋಟೆಲ್ ಈಗ ಪೂರ್ತಿ ನಿನ್ನ ಕೈಗೆ ಬಂದಿದೆ ಅಂತ ಅಕ್ಕ ಹೇಳಿದಳು. ತುಂಬ ಸಂತೋಷವಾಯಿತು. ಗಿರಾಕಿಗಳೇ ಮುಟ್ಟಿ ಆರ್ಡರ್ ಕೊಡುವ ಟಚ್ ಸ್ಕ್ರೀನ್ ಹಾಕಿಸಲಾ, ಮೆನುಗೆ ದೊಡ್ಡ ಟಿವಿ ಹಾಕಿಸಲಾ ಅಂತ ಕೇಳಿದ್ದೀಯ. ಈ ವರ್ಷ ಎರಡೂ ಬೇಡ ಕಣಮ್ಮ. ಆ ದುಡ್ಡಿಗೆ ಬೇರೆ ಕೆಲಸ ಇದೆ. ಅದು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಬಿಲ್ಲಿಂಗ್ ಮಿಷನ್, ಯುಪಿಎಸ್ ರಿಪೇರಿ ಮಾಡಿಕೊಂಡೇ ನಾನು ಸಂಸಾರ ನಡೆಸಿದವನು. ಹೋಟೆಲಿನಲ್ಲಿ ಮಿಷನ್ ವಯಸ್ಸಾಗಿ ಕೆಡುವುದು ಕಡಿಮೆ. ಆವಿ, ಎಣ್ಣೆ ಜಿಡ್ಡು, ಹಿಟ್ಟಿನ ಧೂಳು, ಕರೆಂಟಿನ ಏರುಪೇರು, ಇವು ಅದನ್ನು ಹಾಳು ಮಾಡುತ್ತವೆ. ತಟ್ಟೆ ಇಡ್ಲಿ ಹೋಟೆಲ್ ಅಂದರೆ ಬೆಳಗಿನ ಜಾವದಿಂದಲೇ ಆವಿ, ಪಕ್ಕದಲ್ಲೇ ವಡೆ ಬಾಣಲೆ. ಕಂಪ್ಯೂಟರ್ ಒಳಗಿನ ಫ್ಯಾನ್ ಅದನ್ನೆಲ್ಲ ಎಳೆದುಕೊಳ್ಳುತ್ತದೆ. ಜಿಡ್ಡಿನ ಮೇಲೆ ಧೂಳು ಕೂತು ಬಿಸಿ ಹೊರಗೆ ಹೋಗುವುದಿಲ್ಲ, ಕಂಪ್ಯೂಟರ್ ನಿಧಾನವಾಗುತ್ತದೆ. ಆಗ ಎಲ್ಲರೂ ಸಾಫ್ಟ್‌ವೇರ್ ಸರಿಯಿಲ್ಲ ಅಂತಾರೆ. ತಿಂಗಳಿಗೊಮ್ಮೆ ಮಧ್ಯಾಹ್ನ ಆಫ್ ಮಾಡಿ, ಮುಚ್ಚಳ ತೆಗೆದು ಬ್ಲೋವರ್ ಹೊಡೆಸು. ಮುಂದೆ ಹೊಸದು ತೆಗೆದುಕೊಳ್ಳುವಾಗ ಫ್ಯಾನ್ ಇಲ್ಲದ ಮಿಷನ್ ಕೇಳು.

ಅಡುಗೆಮನೆಯ ಕೆಒಟಿ ಪ್ರಿಂಟರ್, ಅಂದರೆ ಒಳಗಿನವರಿಗೆ ಆರ್ಡರ್ ಚೀಟಿ ಹೊಡೆಯುವುದು, ಎಲ್ಲಿ ಇಟ್ಟಿದ್ದೀಯ? ಒಲೆ ಹತ್ತಿರ ಇದ್ದರೆ ಇವತ್ತೇ ಜಾಗ ಬದಲಾಯಿಸು. ಥರ್ಮಲ್ ಪ್ರಿಂಟರಿಗೆ ಇಂಕ್ ಇಲ್ಲ. ಒಳಗೆ ಪೇಪರಿಗೆ ತಾಗುವ ಹೆಡ್ಡಿನ ಬಿಸಿಗೆ ಪೇಪರ್ ಕಪ್ಪಾಗಿ ಅಕ್ಷರ ಮೂಡುತ್ತದೆ. ಹಾಗಾಗಿ ಒಲೆಯ ಶಾಖಕ್ಕೂ ಪೇಪರ್ ಕಪ್ಪಾಗುತ್ತದೆ. ಬಿಲ್ಲಿನ ಮೇಲೆ ಉದ್ದಕ್ಕೂ ಬಿಳಿ ಗೆರೆ ಬಂದರೆ ಹೆಡ್ಡಿಗೆ ಜಿಡ್ಡು ಅಂಟಿರಬಹುದು. ಆಫ್ ಮಾಡಿ, ತಣ್ಣಗಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಬೇಕು. ಚಾಕು, ಪಿನ್ನು ತಾಗಿಸಬಾರದು. ಒರೆಸಿದ ಮೇಲೂ ಗೆರೆ ಹೋಗದಿದ್ದರೆ ಹೆಡ್ ಹೋಗಿದೆ ಅಂತ ಅರ್ಥ. ಒಂದು ಪ್ರಿಂಟರ್ ಯಾವಾಗಲೂ ಸ್ಪೇರ್ ಇರಲಿ. ಟಿವಿಗಿಂತ ಎಷ್ಟೋ ಕಡಿಮೆ ದುಡ್ಡಿಗೆ ಬರುತ್ತದೆ.

ಭಾನುವಾರ ಬೆಳಗ್ಗೆ ದೇವರಾಯನದುರ್ಗಕ್ಕೆ ಹೊರಟವರೆಲ್ಲ ನಿಮ್ಮಲ್ಲೇ ತಿಂಡಿಗೆ ನಿಲ್ಲುತ್ತಾರೆ, ಅಲ್ವಾ? ಆ ಹೊತ್ತಿನಲ್ಲಿ ಬಿಲ್ ಆಗುತ್ತದೆ, ಒಳಗೆ ಮಾತ್ರ ಆರ್ಡರ್ ಬರುವುದಿಲ್ಲ. ಇಂಥ ದೂರಿಗೆ ನಾನು ಎಷ್ಟೋ ಹೋಟೆಲಿಗೆ ಓಡಿದ್ದೇನೆ. ಹೆಚ್ಚಿನ ಸಲ ಪ್ರಿಂಟರ್ ಚೆನ್ನಾಗೇ ಇರುತ್ತಿತ್ತು. ಕರೆಂಟ್ ಹೋಗಿ ಬಂದಾಗ ರೂಟರ್ ಅದಕ್ಕೆ ಬೇರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರ್, ಕೊಟ್ಟಿರುತ್ತಿತ್ತು. ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಆರ್ಡರ್ ಕಳಿಸುತ್ತಾ ಇರುತ್ತಿತ್ತು. ಬೈಗುಳ ತಿನ್ನುತ್ತಿದ್ದದ್ದು ಮಾತ್ರ ಸಪ್ಲೈ ಹುಡುಗ. ಪ್ರಿಂಟರಿಗೆ ಒಂದೇ ವಿಳಾಸ ಖಾಯಂ ಆಗುವಂತೆ ರೂಟರಿನಲ್ಲೇ ಮಾಡಿಸಿಬಿಡು, ಸ್ವಲ್ಪ ಹೊತ್ತಿನ ಕೆಲಸ. ಅಡುಗೆಮನೆಗೆ ವೈಫೈ ಬೇಡ, ಕೇಬಲ್ ಎಳೆಸು.

ಈಗ ಕೌಂಟರ್ ಕೆಳಗಿನ ಮಾತು. ನಿಮ್ಮ ಯುಪಿಎಸ್ ಚೀಲಗಳ ಮಧ್ಯೆ ಸಿಕ್ಕಿಕೊಂಡಿದ್ದನ್ನು ಕಳೆದ ಸಲ ಬಂದಾಗ ನೋಡಿದೆ. ಅದಕ್ಕೆ ಗಾಳಿ ಬೇಕು ಪುಟ್ಟಿ. ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ. ಅದಕ್ಕಿಂತ ಪ್ರತಿ 10 ಡಿಗ್ರಿ ಏರಿದರೂ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬ್ಯಾಟರಿ ಹಾಕಿಸಿದ ತಾರೀಖನ್ನು ಅದರ ಮೇಲೇ ಮಾರ್ಕರಿನಲ್ಲಿ ಬರೆಸು. ಕೈ ಕೊಡುವ ತನಕ ಕಾಯಬೇಡ, ಮೂರು ವರ್ಷಕ್ಕೆ ಬದಲಾಯಿಸು. ಮನೆಗೆ ಹಾಕುವ ಸಾದಾ ಇನ್ವರ್ಟರ್ ಕಂಪ್ಯೂಟರಿಗೆ ಸಾಲದು. ಅದು ಕರೆಂಟಿನಿಂದ ಬ್ಯಾಟರಿಗೆ ಬರುವಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿ ಬಿಲ್ಲಿನ ಫೈಲ್ ಕೆಡಬಹುದು. ಗ್ರೈಂಡರ್, ಫ್ರಿಜ್ ಇರುವ ಲೈನಿಗೆ ಕಂಪ್ಯೂಟರ್ ಸೇರಿಸಬೇಡ. ಅರ್ಥಿಂಗ್ ಒಂದು ಸಲ ಚೆಕ್ ಮಾಡಿಸು.

ಅಡಾಪ್ಟರುಗಳಿಗೆ ಚೀಟಿ ಅಂಟಿಸುವುದನ್ನು ಮರೆಯಬೇಡ. ಬಿಲ್ ಪ್ರಿಂಟರಿನದ್ದು ಸಾಮಾನ್ಯವಾಗಿ 24 ವೋಲ್ಟ್, ರೂಟರಿನದ್ದು 12. ಪಿನ್ ಒಂದೇ ಥರ ಇದ್ದರೆ ಅವಸರದಲ್ಲಿ ಅದಲುಬದಲಾಗಿ ರೂಟರ್ ಸುಟ್ಟುಹೋಗುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 10 ಇದೆ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬಿಲ್ ಹೊಡೆಯುತ್ತದೆ, ನಿಜ. ಆದರೆ ದುಡ್ಡು ಕೈಬದಲಾಗುವ ಮಿಷನ್ ಸುರಕ್ಷತೆಯ ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್‌ನಲ್ಲಿ ಇರಬಾರದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು. ಪ್ರೊಸೆಸರೂ ಹಳೆಯದಾಗಿರಬಾರದು. ನಿಮ್ಮದು ಹೊಂದದಿದ್ದರೆ ಟಚ್ ಸ್ಕ್ರೀನಿಗೆ ಇಟ್ಟ ದುಡ್ಡಿನಲ್ಲಿ ಒಳ್ಳೆಯ ಕಂಪ್ಯೂಟರ್ ತಗೋ, ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್, ಇರುವುದನ್ನೇ.

ಯಾವ ಅಪ್‌ಡೇಟ್ ಆದರೂ ವ್ಯಾಪಾರದ ಹೊತ್ತಿನಲ್ಲಿ ಮಾಡಬೇಡ. ವಾರದ ಮಧ್ಯೆ, ತಿಂಡಿ ಮುಗಿದ ಮೇಲೆ, ಬ್ಯಾಕಪ್ ತೆಗೆದುಕೊಂಡು ಮಾಡು. ಎರಡು ಕೌಂಟರ್ ಇದ್ದರೆ ಮೊದಲು ಒಂದಕ್ಕೆ ಮಾಡಿ ನಾಲ್ಕು ದಿನ ನೋಡು. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯ ಜನ ನಿಮ್ಮ ಬಾಗಿಲಲ್ಲೇ ಓಡಾಡುತ್ತಾರೆ. ಅದಕ್ಕೆ ಹಿಂದಿನ ಒಂದು ತಿಂಗಳು ಹೊಸದೇನೂ ಹಾಕಿಸಬೇಡ. ಆಗ ಬರೀ ಒರೆಸುವುದು, ಚೆಕ್ ಮಾಡುವುದು.

ಬ್ಯಾಕಪ್ ಬಗ್ಗೆ ನಿಮ್ಮಪ್ಪ ತಲೆ ಕೆಡಿಸಿಕೊಂಡವರಲ್ಲ, ನೀನು ಕೆಡಿಸಿಕೋ. ಥರ್ಮಲ್ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲೇ ಮಾಸಬಹುದು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕಡೆಯ ದಿನದಿಂದ 72 ತಿಂಗಳು ಇಟ್ಟಿರಬೇಕು. ಪೇಪರ್ ನಂಬಿ ಕೂರುವ ಹಾಗಿಲ್ಲ. ದಿನವೂ ಒಂದು ಪ್ರತಿ ಕ್ಲೌಡಿಗೆ ಹೋಗಲಿ, ವಾರಕ್ಕೊಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿ ಮನೆಗೆ ಬರಲಿ. ಆಗಾಗ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಯುಪಿಐ ಸೌಂಡ್‌ಬಾಕ್ಸಿಗೆ ಅದರದ್ದೇ ಸಿಮ್ ಇರುವುದರಿಂದ ವೈಫೈ ಹೋದರೂ ಕೂಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿದರೆ ಸಾಕು. ಆದರೆ ಕ್ಯೂಆರ್ ಸ್ಟಿಕ್ಕರನ್ನು ಬೆಳಗ್ಗೆ ಬಾಗಿಲು ತೆರೆದ ಕೂಡಲೇ ನಿನ್ನ ಫೋನಿನಲ್ಲೇ ಸ್ಕ್ಯಾನ್ ಮಾಡಿ ಹೆಸರು ನೋಡು. ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ದುಡ್ಡು ಹೊಡೆಯುವವರಿದ್ದಾರೆ.

ಟಚ್ ಸ್ಕ್ರೀನ್ ಬೇಡ ಅಂದಿದ್ದಕ್ಕೆ ಬೇಜಾರಾಗಬೇಡ. ಅದು ಇನ್ನೊಂದು ಕಂಪ್ಯೂಟರ್, ಇನ್ನೊಂದು ಪ್ರಿಂಟರ್, ಜಿಡ್ಡುಕೈ ತಾಗುವ ಗಾಜು. ಇರುವುದನ್ನೇ ಚೆನ್ನಾಗಿ ನೋಡಿಕೊಳ್ಳುವ ಅಭ್ಯಾಸ ಹುಡುಗರಿಗೆ ಬರಲಿ. ಆಮೇಲೆ ನಾನೇ ನಿನ್ನ ಜೊತೆ ಬಂದು ಆರಿಸುತ್ತೇನೆ. ಮಠಕ್ಕೆ ಬರುವ ವಯಸ್ಸಾದವರಿಗೆ ಮಾತ್ರ ಕೌಂಟರಿನಲ್ಲಿ ಒಬ್ಬರು ಕೂತು ಕೇಳುವುದು ಆಗಲೂ ಇರಬೇಕು.

ಈ ವಾರ ಯುಪಿಎಸ್ ಸುತ್ತಲಿನ ಚೀಲ ತೆಗೆಸಿ, ಬ್ಯಾಟರಿ ಯಾವಾಗಿನದು ಅಂತ ನೋಡಿ ಫೋನ್ ಮಾಡು. ಬುಧವಾರ ಮಧ್ಯಾಹ್ನ ಬಿಡುವಿದ್ದರೆ ಮೀಟರ್ ಹಿಡಿದು ಬಂದು ಅರ್ಥಿಂಗ್ ನಾನೇ ನೋಡುತ್ತೇನೆ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಮಾವ