ಪತ್ರಿಕೆಯ ಮೇಲೆ ದೂರು ಬರೆಯುವ ಮೊದಲು

ಪ್ರಿಯ ಗೆಳೆಯಾ,

ಸಿಂಧನೂರಿಂದ ನೀನು ಕಳಿಸಿದ ಕಳವಿನ ಸುದ್ದಿ ಓದಿದೆ, ತಲೆಬರಹದಲ್ಲೇ ಆರೋಪಿಯ ಧರ್ಮ ಹಾಕಿದ್ದಾರೆ. ಸಿಟ್ಟು ಬರುವಂಥದ್ದೇ. ಆದರೆ ‘ಇದು ಸುಳ್ಳು’ ಅಂತ ದೂರು ಬರೆದರೆ ಅಲ್ಲೇ ಸೋತೆ. ಕಳವು ನಡೆದಿದೆ, ಎಫ್‌ಐಆರ್ ಇದೆ, ಬಂಧನವೂ ಆಗಿದೆ. ತಪ್ಪಿರುವುದು ಆರೋಪಿಯ ಧರ್ಮವನ್ನು ತಲೆಬರಹಕ್ಕೆ ಏರಿಸಿದ್ದರಲ್ಲಿ. ಅದೇ ಪುಟದ ಕೆಳಗಿನ ಇನ್ನೊಂದು ಕಳವಿನಲ್ಲಿ ಆರೋಪಿ ಬರೀ ‘ಯುವಕ’. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೇ ದೂರಿಗೆ ಬಲ. ಹಾಗಾಗಿ ಸುದ್ದಿ ಕತ್ತರಿಸಬೇಡ, ಇಡೀ ಪುಟ ಇಟ್ಟುಕೋ. ದಿನಾಂಕ, ಆವೃತ್ತಿ, ಪುಟಸಂಖ್ಯೆ ಕಾಣಬೇಕು. ನಮ್ಮ ಜಿಲ್ಲಾ ಪುಟ ಬೆಂಗಳೂರಿನ ಆವೃತ್ತಿಯಲ್ಲಿ ಇರುವುದಿಲ್ಲ, ಆಮೇಲೆ ಹುಡುಕಿದರೆ ಸಿಗುವುದು ಕಷ್ಟ.

ದಲಿತರ ವಿಷಯದಲ್ಲಿ ಲೆಕ್ಕ ಉಲ್ಟಾ. ಹೇಳಲೇಬೇಕಾದ ಕಡೆ ಜಾತಿ ಮಾಯವಾಗುತ್ತದೆ. ಹೊಡೆದವರು, ಹೊಡೆಸಿಕೊಂಡವರು ಸೇರಿ ‘ಎರಡು ಗುಂಪುಗಳ ಘರ್ಷಣೆ’ ಆಗಿಬಿಡುತ್ತಾರೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನೇ ನೋಡು. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಗುಡಿಸಲು ಸುಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು (ಆಮೇಲೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು, ಅದು ಬೇರೆ ಮಾತು). ಕ್ಷೌರದಂಗಡಿ, ಹೋಟೆಲ್‌ಗಳಲ್ಲಿ ದಲಿತರಿಗೆ ಪ್ರವೇಶ ಕೊಡದಿದ್ದುದು ಆ ಜಗಳದ ಹಿಂದಿತ್ತು. ಜಾತಿ ಬಿಟ್ಟು ಈ ಸುದ್ದಿ ಬರೆದರೆ ಏನು ಉಳಿಯಿತು? ಅದಕ್ಕೇ ಜಾತಿ, ಧರ್ಮ ಬರೆಯಲೇಬೇಡಿ ಅಂತ ಕೇಳಬೇಡ. ಅಪರಾಧಕ್ಕೆ ಅದೇ ಕಾರಣವಾಗಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ ಅಂತ ಕೇಳು.

ಮೊದಲ ಪತ್ರ ಸಂಪಾದಕರಿಗೆ, ಸ್ಪೀಡ್ ಪೋಸ್ಟ್‌ನಲ್ಲಿ. ಊರಿನ ವರದಿಗಾರನ ಜೊತೆ ಜಗಳಕ್ಕೆ ಹೋಗಬೇಡ, ತಲೆಬರಹ ಸಾಮಾನ್ಯವಾಗಿ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರದು. ವರದಿಗಾರನ ಪಾಡು ಬೇರೆ. ಸುದ್ದಿಯ ಜೊತೆ ಜಾಹೀರಾತೂ ತರಬೇಕು. ಜಾಹೀರಾತು ಕೊಡುವ ಧಣಿಗೆ ನೋವಾಗುವ ಸುದ್ದಿ ಅವನ ಕೈಯಲ್ಲೇ ಸಾಯುತ್ತದೆ, ಯಾರೂ ಫೋನ್ ಕೂಡ ಮಾಡಬೇಕಿಲ್ಲ. ನಮ್ಮ ಕಡೆ ಸೆನ್ಸಾರ್ ಅಂದರೆ ಬಹುಪಾಲು ಇದೇ.

ಸಂಪಾದಕರು ಸುಮ್ಮನಿದ್ದರೆ ದಿಲ್ಲಿಯ ಪ್ರೆಸ್ ಕೌನ್ಸಿಲ್‌ಗೆ ಬರಿ, ಪತ್ರಿಕೆಗಳ ಮೇಲಿನ ದೂರು ಕೇಳುವ ಸಂಸ್ಥೆ ಅದು. ದಿನಪತ್ರಿಕೆಯಾದರೆ ಸುದ್ದಿ ಅಚ್ಚಾದ ಎರಡು ತಿಂಗಳೊಳಗೆ ದೂರು ಮುಟ್ಟಬೇಕು. ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಪುಟದ ಜೆರಾಕ್ಸ್, ಸುದ್ದಿಯ ಇಂಗ್ಲಿಷ್ ಅಥವಾ ಹಿಂದಿ ಅನುವಾದ, ಈ ವಿಷಯ ಕೋರ್ಟಿನಲ್ಲಿ ಇಲ್ಲ ಎಂಬ ಘೋಷಣೆ, ಇಷ್ಟು ಜೊತೆಗಿಡು. ನಮ್ಮವರು ಮರೆಯುವುದು ಅನುವಾದವನ್ನೇ. ದಂಡ ಹಾಕಿಸುತ್ತೇನೆ ಅಂತ ಆಸೆ ಇಟ್ಟುಕೊಳ್ಳಬೇಡ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 14ನೇ ಕಲಂ ಪ್ರಕಾರ ಅವರು ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ಅಷ್ಟೇ.

ಟಿವಿ ಚಾನೆಲ್‌ಗಳು ಪ್ರೆಸ್ ಕೌನ್ಸಿಲ್ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಚಾನೆಲ್‌ಗೇ ಬರೆಯಬೇಕು. 2021ರ ಕೇಬಲ್ ಟಿವಿ ನಿಯಮದಂತೆ ಚಾನೆಲ್‌ನವರು 15 ದಿನದಲ್ಲಿ ದೂರು ಇತ್ಯರ್ಥ ಮಾಡಬೇಕು. ವಿಡಿಯೊ ಮೊದಲೇ ಉಳಿಸಿಕೋ, ಪ್ರಸಾರದ ದಿನ, ಸಮಯ ಬರೆದಿಡು.

ಸಂಪಾದಕರಿಗೆ ಈ ವಾರವೇ ಬರಿ. ಇಂಗ್ಲಿಷ್ ಅನುವಾದ ನನಗೆ ಬಿಡು.

ನಿನ್ನ ಗೆಳೆಯ,
ಕೊಪ್ಪಳದಿಂದ