ಕಾಲ್ಗುಣದ ಹುಡುಗಿಗೆ, ಅಡಿಕೆ ಚೀಲಗಳಿಗೆ, ಮತ್ತೆ ಉಳಿದವರಿಗೆಲ್ಲ

ಹೋದ ಶನಿವಾರ ರಾತ್ರಿ ಹನ್ನೊಂದೂವರೆಗೆ ಕೊನೆಯ ಸ್ಪೀಕರ್ ಓಮ್ನಿಗೆ ತುಂಬಿ ಬಾಗಿಲು ಎಳೆಯುವಾಗ ನಮ್ಮ ಡ್ರಮ್ಮರ್ ಹಣೆ ಚಚ್ಚಿಕೊಂಡ. "ಥ್ಯಾಂಕ್ಸ್ ಹೇಳೋದೇ ಮರ್ತೋಯ್ತಲ್ಲ ಮಾರಾಯ!" ಹೌದು, ಮರೆತೇಬಿಟ್ಟಿದ್ದೆವು. ಎರಡು ಗಂಟೆ ಸ್ಟೇಜ್ ಮೇಲೆ ಕುಣಿದು ಒಬ್ಬರಿಗೂ ಒಂದು ಮಾತು ಹೇಳಲಿಲ್ಲ. ಬರೆಯೋ ಕೆಲಸ ನನ್ನ ತಲೆಗೆ ಬಂತು. ಜೆರಾಕ್ಸ್ ಅಂಗಡಿ ಇಟ್ಟವನಿಗೆ ಕಾಗದಕ್ಕೇನು ಬರ, ಅಲ್ವಾ?

ಯಾರ ಹೆಸರೂ ಬರೆಯುವುದಿಲ್ಲ. ಕಾರವಾರದಲ್ಲಿ ಒಬ್ಬರ ಹೆಸರು ಬಿಟ್ಟುಹೋದರೂ ಆಮೇಲೆ ಮೀನು ಮಾರ್ಕೆಟ್ಟಿಗೆ ಹೋಗೋದು ಕಷ್ಟ.

ನಮ್ಮ ಬ್ಯಾಂಡ್ ಶುರುವಾಗಿದ್ದು 2003ರಲ್ಲಿ. ಇಪ್ಪತ್ತೊಂದು ವರ್ಷ ಒಬ್ಬನೇ ಹಾಡಿದ. ನಮಗಿಂತ ಎರಡು ವರ್ಷ ದೊಡ್ಡವನು, ಹಾಗಾಗಿ ಎಲ್ಲರಿಗೂ ಅಣ್ಣ. ಪದ ಬರೆದವನೂ ಅವನೇ. ಕನ್ನಡದಲ್ಲಿ ರಾಕ್ ಹಾಡಿದರೆ ಯಾರು ಕೇಳ್ತಾರೆ ಅಂತ ಊರೆಲ್ಲ ಕೇಳಿದಾಗ, "ನಾನು ಕೇಳ್ತೇನೆ" ಅಂತ ಹೇಳಿ ಬಾಯಿ ಮುಚ್ಚಿಸಿದವನು. 2024ರ ಶುರುವಿನಲ್ಲಿ ಅವನ ದನಿ ಒಡೆಯತೊಡಗಿತು. ಗಂಟಲಲ್ಲಿ ಗಂಟು. ಆಪರೇಷನ್ ಆಯಿತು. ಮಾತಾಡಬಹುದು, ಆದರೆ ಕಿರುಚಿ ಹಾಡುವ ಹಾಗಿಲ್ಲ ಅಂದರು ಡಾಕ್ಟರ್. ನಮ್ಮ ಹಾಡುಗಳಲ್ಲಿ ಕಿರುಚದೇ ಹಾಡುವಂಥದ್ದು ಒಂದೋ ಎರಡೋ.

ಡ್ರಮ್ಮರ್ ಸಮಾಧಾನಕ್ಕೆ ಚರಿತ್ರೆ ತೆಗೆದ. ಎಸಿ/ಡಿಸಿ ಅನ್ನೋ ರಾಕ್ ಬ್ಯಾಂಡಿನ ಗಾಯಕ ತೀರಿಕೊಂಡದ್ದು 1980ರ ಫೆಬ್ರವರಿಯಲ್ಲಿ, ಜುಲೈಗೆ ಹೊಸ ಗಾಯಕನ ಜೊತೆ ಅವರ ಆಲ್ಬಂ ಬಂತು. ಇನ್ನೊಂದು ಬ್ಯಾಂಡ್ ಐರನ್ ಮೇಡನ್ 1981ರಲ್ಲಿ ಗಾಯಕನನ್ನು ಬದಲಾಯಿಸಿತು, ಮರುವರ್ಷ ಬಂದ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎಲ್ಲ ಸರಿ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ಐರನ್ ಮೇಡನ್ ನೋಡಲು ನಾನು, ಅಣ್ಣ ರಾತ್ರಿ ಬಸ್ಸಲ್ಲಿ ಹೋಗಿದ್ದೆವು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನು ಹಾಡುತ್ತಲೇ ಬಂದ. ಪಕ್ಕದ ಸೀಟಿನವರು ಬೈದರು. ಅಂಥವನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವಾಗ ಇಸವಿಗಳಿಂದ ಏನೂ ಸಮಾಧಾನ ಆಗುವುದಿಲ್ಲ.

ಹುಡುಗಿ ಸಿಕ್ಕಿದ್ದು ಅಂಕೋಲಾ ಕಡೆಯ ಒಂದು ದೇವಸ್ಥಾನದ ರಸಮಂಜರಿಯಲ್ಲಿ. ಹಾಡಿನ ನಡುವೆ ಕರೆಂಟ್ ಹೋಯಿತು. ಆರ್ಕೆಸ್ಟ್ರಾದವರು ನಿಲ್ಲಿಸಿದರು. ಅವಳು ನಿಲ್ಲಿಸಲಿಲ್ಲ. ಕೊನೆಯಲ್ಲಿ ಕಡಲೆ ಮಾರುವವನ ಪಕ್ಕ ನಿಂತಿದ್ದ ನನಗೆ ಪದ ಪದವೂ ಕೇಳಿಸಿತು. ಆ ದಿನ ಕೈಕೊಟ್ಟ ಕರೆಂಟಿಗೆ ಮೊದಲ ಥ್ಯಾಂಕ್ಸ್.

ಎರಡನೆಯದು ಬೈತಖೋಲ್‌ನ ಬಲೆಯ ಕೋಣೆಯ ಯಜಮಾನರಿಗೆ. ಹತ್ತು ವರ್ಷದಿಂದ ನಮ್ಮ ಪ್ರಾಕ್ಟೀಸ್ ಅಲ್ಲೇ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಸಮುದ್ರಕ್ಕಿಳಿಯೋಕೆ ನಿಷೇಧ, ಆಗ ಬಲೆಗಳೆಲ್ಲ ಕೋಣೆಗೆ ಬರುತ್ತವೆ, ನಾವು ಹೊರಗೆ. ಆಗಸ್ಟ್ ಒಂದಕ್ಕೆ ಬಲೆ ಕಡಲಿಗೆ, ನಾವು ಒಳಗೆ. ಬಾಡಿಗೆ ಅಂತ ಒಂದು ರೂಪಾಯಿ ತಗೊಂಡಿಲ್ಲ ಅವರು. ಆ ವಾಸನೆಗೆ ನಾವೇ ದುಡ್ಡು ಕೇಳಬೇಕಿತ್ತು ಅಂತ ಗಿಟಾರಿಸ್ಟ್ ಹೇಳುತ್ತಾನೆ, ಅದು ಬೇರೆ ಮಾತು.

ಹುಡುಗಿ ಅಮ್ಮನನ್ನು ಕರೆದುಕೊಂಡು ಮೊದಲ ಸಲ ಪ್ರಾಕ್ಟೀಸಿಗೆ ಬಂದದ್ದು 2024ರ ಆಗಸ್ಟ್ 6ರ ಸಂಜೆ. ಡ್ರಮ್ಮರ್ ಸದಾಶಿವಗಡದವನು, ಡ್ರಮ್ ಸೆಟ್ ಹೇರಿಕೊಂಡು ಕಾಳಿ ಸೇತುವೆ ದಾಟಿ ಬಂದಿದ್ದ, ದಾಟಿಯೇ ಮನೆಗೆ ಹೋದ. ಅದೇ ರಾತ್ರಿ, ಒಂದು ಗಂಟೆ ಹೊತ್ತಿಗೆ, ಹಳೇ ಸೇತುವೆ ಮುರಿದು ನದಿಗೆ ಬಿತ್ತು. ಒಂದು ಲಾರಿಯೂ ಜೊತೆಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಡ್ರೈವರನ್ನು ಬದುಕಿಸಿದರು. ಬೆಳಿಗ್ಗೆ ನಮ್ಮ ಗ್ರೂಪಿನಲ್ಲಿ ಗಾಬರಿ ಇಳಿದ ಮೇಲೆ ಗಿಟಾರಿಸ್ಟ್ ಸುಮ್ನೆ ಇರಲಾರದೆ ಬರೆದ: "ಹೊಸ ಗಾಯಕಿಯ ಕಾಲ್ಗುಣ ನೋಡಿ." ಹೆಚ್ಚು ಪರಿಚಯವೂ ಇಲ್ಲದ ಹುಡುಗಿ, ಬೇಜಾರು ಮಾಡಿಕೊಂಡು ಬಿಟ್ಟುಹೋಗ್ತಾಳೆ ಅಂದುಕೊಂಡೆ. ಎರಡು ನಿಮಿಷಕ್ಕೆ ಉತ್ತರ ಬಂತು. "ಲಾರಿ ಡ್ರೈವರ್ ಬದುಕಿದ್ರಲ್ಲ, ಅದನ್ನೂ ನನ್ನ ಕಾಲ್ಗುಣದ ಲೆಕ್ಕಕ್ಕೇ ಬರ್ಕೊಳ್ಳಿ."

ಅವತ್ತೇ ಅವಳು ನಮ್ಮವಳಾದಳು.

ಶ್ರುತಿಯ ಕಷ್ಟ ಮಾತ್ರ ಸಣ್ಣದಿರಲಿಲ್ಲ. ನಮ್ಮ ಹಳೇ ಹಾಡುಗಳೆಲ್ಲ ಹೆಚ್ಚುಕಮ್ಮಿ 'ಇ'ಯಲ್ಲಿ. ಗಿಟಾರಿನ, ನಾನು ನುಡಿಸೋ ಬಾಸ್ ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಒತ್ತದೇ ಮೀಟಿದರೆ ಬರೋ ಸ್ವರ ಅದು. ನೆಲ ನಡುಗುತ್ತದೆ. ಅವಳ ದನಿ ಅರಳುವುದು 'ಎ'ಯಲ್ಲಿ. ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸೋ ಕ್ಲಿಪ್ಪು, ಕಾಪೋ, ಹಾಕಿ ನೋಡಿದೆವು, ರಾಕ್ ಹೋಗಿ ಭಾವಗೀತೆ ಆಯಿತು. ಕೊನೆಗೆ ಗಿಟಾರಿಸ್ಟ್ ದಾರಿ ಕಂಡುಹಿಡಿದ. ದಪ್ಪ ತಂತಿಯಲ್ಲಿ ನುಡಿಸುತ್ತಿದ್ದುದನ್ನೇ ಪಕ್ಕದ ತಂತಿಗೆ ಸರಿಸು, ಆ ತಂತಿಯ ಬಿಡಿ ಸ್ವರವೇ 'ಎ'. ಕೈಯ ಆಕಾರ ಅದೇ, ಜಾಗ ಮಾತ್ರ ಬೇರೆ. ಹನ್ನೊಂದು ಹಾಡು ಹೀಗೆ ಪಕ್ಕದ ಮನೆಗೆ ಹೋದವು. ಕೈಗಾದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗೆಟ್ಟ ಕಣ್ಣಲ್ಲಿ ಇದನ್ನೆಲ್ಲ ಕೂತು ಮಾಡಿದ ಅವನು. ನನ್ನ ದಪ್ಪ ತಂತಿಗೆ ಮಾತ್ರ ಕೆಲಸವೇ ಇಲ್ಲದಂತಾಯಿತು. ಆ ಸಿಟ್ಟು ಇನ್ನೂ ಇದೆ.

ಈಗ ಹೇಳಲು ನಾಚಿಕೆಯಾಗೋ ಭಾಗ. ಆ ದೀಪಾವಳಿಯಿಂದ ನಾವು ರೆಕಾರ್ಡ್ ಕಂಪನಿಗಳಿಗೆ ಡೆಮೋ ಕಳಿಸಲು ಶುರು ಮಾಡಿದೆವು. ಕಳಿಸಿದ್ದು ಅಣ್ಣನ ದನಿಯ ಹಳೇ ರೆಕಾರ್ಡಿಂಗ್. ಫೋಟೋದಲ್ಲಿ ಹುಡುಗಿ, ಹಾಡಿನಲ್ಲಿ ಅಣ್ಣ. ಹೊಸಬಳ ದನಿ ಹಾಕಿದರೆ ಹಳೇ ಬ್ಯಾಂಡ್ ಅಂತ ಯಾರು ನಂಬ್ತಾರೆ ಅನ್ನೋ ಹೆದರಿಕೆ. ಒಮ್ಮೆ ಯಾರಾದರೂ ಒಪ್ಪಲಿ, ಆಮೇಲೆ ಹೇಳೋಣ ಅಂತ. ಅಣ್ಣನಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಹದಿನಾಲ್ಕು ಕಡೆ ಕಳಿಸಿದೆವು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ಎಷ್ಟು ಜನ ಫಾಲೋ ಮಾಡ್ತಾರೆ ಅಂತ ಮಾತ್ರ ಕೇಳಿದರು. ಇನ್ನೊಬ್ಬರು ಆಲ್ಬಂ ಹೊರತರಲು ನಾವೇ ದುಡ್ಡು ಕೊಡಬೇಕು ಅಂದರು. ಮದುವೆ ಹಾಲ್ ಬುಕ್ ಮಾಡಿದ ಹಾಗೆ.

2025ರ ಜನವರಿಯಲ್ಲಿ ಒಂದು ಕಂಪನಿಯ ಮೇಡಂ ಫೋನ್ ಮಾಡಿದರು. ಹಾಡು ಹಿಡಿಸಿದೆ, ಇತ್ತೀಚಿನ ಸ್ಟೇಜ್ ವಿಡಿಯೋ ಕಳಿಸಿ ಅಂದರು. ಕಳಿಸಿದೆವು, ಬೇರೆ ದಾರಿ ಇರಲಿಲ್ಲ. ಮರುದಿನ ಮತ್ತೆ ಫೋನ್. "ಡೆಮೋದಲ್ಲಿ ಹಾಡಿರೋರು ಗಂಡಸು, ವಿಡಿಯೋದಲ್ಲಿ ಈ ಹುಡುಗಿ. ನಾನು ಯಾರ ಜೊತೆ ಒಪ್ಪಂದ ಮಾಡ್ಕೋಬೇಕು?" ನಾನು ಏನೇನೋ ತೊದಲಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು, "ಇವಳ ದನಿ ಮೇಲೆ ನಿಮಗೇ ನಂಬಿಕೆ ಇಲ್ಲ ಅಂದ್ರೆ ನಾನು ಹೇಗೆ ಮಾರಲಿ?" ಅಲ್ಲಿಗೆ ಮುಗಿಯಿತು. ಅವರು ನಮ್ಮನ್ನು ತಗೊಳ್ಳಲಿಲ್ಲ. ಆದರೂ ಮೇಡಂ, ನಿಮ್ಮ ಆ ಎಂಟು ನಿಮಿಷದ ಫೋನಿಗೆ ನಾನು ಸಾಯೋ ತನಕ ಋಣಿ.

ಊರಲ್ಲಿ ಯಾವ ಮಾತು ನಿಲ್ಲುತ್ತದೆ? ಅಣ್ಣನಿಗೆ ಗೊತ್ತಾಯಿತು. ಅಂಗಡಿಗೆ ಬಂದ. ಗಿರಾಕಿ ಇದ್ದರು, ಅವರ ಆಧಾರ್ ಕಾರ್ಡ್ ಜೆರಾಕ್ಸ್ ಮುಗಿಯುವ ತನಕ ನಿಂತ. ಆಮೇಲೆ ಒಡೆದ ದನಿಯಲ್ಲಿ, "ನನ್ನ ಗಂಟಲು ಹೋದ ಮೇಲೂ ಅದನ್ನ ಮಾರ್ತಾ ಇದ್ದೀರಲ್ಲೋ" ಅಂದ. ಅಷ್ಟೇ. ನಾಲ್ಕು ತಿಂಗಳು ಮಾತಿಲ್ಲ. ಹುಡುಗಿಗೆ ನಾವೇ ಹೇಳಿದೆವು. ಅವಳು ಒಂದು ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಅವಳ ಅಮ್ಮ ಮಾತ್ರ ಫೋನ್ ಮಾಡಿ, "ತಪ್ಪು ಮಾಡಿದ್ರಿ. ಸೋಮವಾರ ಕಳಿಸ್ತೆ" ಅಂದರು. ಅಮ್ಮಾ, ನಿಮಗೆ ಕೈ ಮುಗಿಯುತ್ತೇನೆ.

ಫೆಬ್ರವರಿಯಲ್ಲಿ ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡಿದೆವು. ಬೆಂಗಳೂರಿನ ಸ್ಟುಡಿಯೋಗೆ ದುಡ್ಡಿರಲಿಲ್ಲ. ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಮನೆ, ಸೌಂಡ್ ಇಂಜಿನಿಯರ್ ಹುಡುಗನ ಮಾವನ ಮನೆ ಅದು. ಕೊಯ್ಲು ಮುಗಿದು, ಒಣಗಿ, ಸುಲಿದ ಅಡಿಕೆ ಚೀಲ ಚೀಲ ಉಪ್ಪರಿಗೆಯಲ್ಲಿ ಪೇರಿಸಿಟ್ಟಿದ್ದರು. ಹುಡುಗ ಒಳಗೆ ಹೋಗಿ ಒಂದು ಚಪ್ಪಾಳೆ ಹೊಡೆದ. ಸದ್ದು ಗೋಡೆಗೆ ತಾಗಿ ವಾಪಸ್ ಬರಲೇ ಇಲ್ಲ. ಗೋಣಿ ಕುಡಿದುಬಿಟ್ಟಿತು. "ಇದೇ ಸ್ಟುಡಿಯೋ" ಅಂದ. ನಾಲ್ಕು ಜನ ಸೇರಿ ಚೀಲಗಳನ್ನು ಎಳೆದು ಡ್ರಮ್ಮಿನ ಸುತ್ತ ಎದೆಮಟ್ಟ ಗೋಡೆ ಕಟ್ಟಿದೆವು. ಹುಡುಗಿ ಹಾಡಲು ಮೂಲೆಯಲ್ಲಿ ಕಂಬಳಿ ಇಳಿಬಿಟ್ಟ ಗೂಡು. ಒಳಗೆ ಒಣಗಿದ ಅಡಿಕೆಯ ಒಗರು ವಾಸನೆ, ಸೆಕೆ. ಅವಳು ಒಂದು ಹಾಡು ಮುಗಿಸಿ ಹೊರಗೆ ಬಂದರೆ ಕೂದಲ ತುಂಬ ಗೋಣಿಯ ಎಳೆ. ಮಧ್ಯಾಹ್ನ ಜೀರುಂಡೆ ಹೊಡೆಯಲು ಶುರು ಮಾಡಿದರೆ ಎರಡು ಗಂಟೆ ರೆಕಾರ್ಡಿಂಗ್ ಬಂದ್. ಹೊರಗಿನ ಸದ್ದನ್ನು ಗೋಣಿಯೂ ತಡೆಯಲಿಲ್ಲ.

ನಮ್ಮ ಗಲಾಟೆಗೆ ಮನೆಯ ಹಿರಿಯರು ಓಡಿಸುತ್ತಾರೆ ಅಂತ ಮೂರನೇ ದಿನ ನಾನೇ ಕ್ಷಮೆ ಕೇಳಲು ಹೋದೆ. ಕವಳ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. "ಈ ಸದ್ದಿಗೆ ಮಂಗ ತೋಟದ ಕಡೆ ಬರ್ತಾ ಇಲ್ಲ ಮಾರಾಯ್ರೆ. ಇನ್ನೊಂದು ವಾರ ಇರಿ" ಅಂದರು. ಇದ್ದೆವು. ಆ ಮನೆಯ ಅಮ್ಮ ಮಾಡಿದ ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿದು ಡ್ರಮ್ಮರ್ ಮಧ್ಯಾಹ್ನ ಪೂರ್ತಿ ನಿದ್ದೆ ಹೊಡೆದ. ಒಂಬತ್ತು ದಿನ ಮೀನಿಲ್ಲದೆ ಇದ್ದವನು, ಘಟ್ಟ ಇಳಿದು ಅಂಕೋಲಾ ಮುಟ್ಟಿದ ಕೂಡಲೇ ಎರಡು ಪ್ಲೇಟ್ ಇಸ್ವಾಣ ಮೀನು ತಿಂದ.

ಒಂದು ಹಾಡಿಗೆ ಗುಮಟೆ ಬೇಕಿತ್ತು, ಮಣ್ಣಿನ ಮಡಕೆಗೆ ಚರ್ಮ ಬಿಗಿದ ವಾದ್ಯ. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಒಬ್ಬ ಹಿರಿಯರು ಆಡಿನ ಚರ್ಮ ಬಿಗಿದ ಗುಮಟೆ ಹಿಡಿದು ಬಂದಿದ್ದರು. ಮೊದಲು ಬಿಗಿಯುತ್ತಿದ್ದ ಉಡದ ಚರ್ಮ ಈಗ ಕಾನೂನಿಗೆ ವಿರುದ್ಧ. ಫೆಬ್ರವರಿ 13ರಂದು ಹಾಲಕ್ಕಿ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರು ತೀರಿಕೊಂಡ ಸುದ್ದಿ ಬಂತು. ಸುಕ್ರಜ್ಜಿಗೆ ಪದ್ಮಶ್ರೀ ಬಂದಾಗ ಕುಣಿದಿದ್ದ ಜಿಲ್ಲೆ ನಮ್ಮದು. ಹಿರಿಯರು ಗುಮಟೆಯನ್ನು ಚೀಲದ ಮೇಲೆ ಇಟ್ಟು ಅಜ್ಜಿಯ ಊರು ಬಡಿಗೇರಿಗೆ ಹೊರಟರು. ಅವತ್ತು ನಾವು ಏನೂ ನುಡಿಸಲಿಲ್ಲ. ಮೂರು ದಿನ ಬಿಟ್ಟು ವಾಪಸ್ ಬಂದು, ಒಂದೇ ಸಲಕ್ಕೆ ಬಾರಿಸಿ ಮುಗಿಸಿದರು. ಎರಡನೇ ಟೇಕ್ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆಲ್ಬಂನಲ್ಲಿ ಇರೋದು ಅದೇ.

ಈ ಸಲ ಐದು ಕಡೆ ಮಾತ್ರ ಕಳಿಸಿದೆವು. ಮೊದಲ ಸಾಲಿನಲ್ಲೇ ಗಾಯಕರು ಬದಲಾಗಿದ್ದಾರೆ ಅಂತ ಬರೆದೆವು. ಒಬ್ಬರು ಹೂಂ ಅಂದರು. ದೊಡ್ಡ ಕಂಪನಿಯಲ್ಲ, ಮುಂಗಡವೂ ಇಲ್ಲ. ಐದು ವರ್ಷ ಹಾಡು ಅವರ ಹತ್ತಿರ, ಆಮೇಲೆ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ನಮಗೇ ವಾಪಸ್, ಬಂದದ್ದರಲ್ಲಿ ಅರ್ಧ ಅರ್ಧ. ಇದೇ ಕಾಲಕ್ಕೆ ಇನ್ನೊಬ್ಬರು ಜಾಸ್ತಿ ದುಡ್ಡು ಕೊಡ್ತೇವೆ, ಹಕ್ಕು ಪೂರ್ತಿ ನಮಗೇ ಬರೆದುಕೊಡಿ ಅಂದಿದ್ದರು. ಆಸೆ ಆಗಿತ್ತು, ಸುಳ್ಳು ಹೇಳಲ್ಲ.

ಎರಡೂ ಕಾಗದ ಹಿಡಿದು ಕುಮಟಾದ ವಕೀಲರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: "ಪದ ಬರೆದೋರು ಯಾರು?" ಅಣ್ಣ ಅಂದೆ. "ಅವರ ಸಹಿ ಎಲ್ಲಿ?" ಕಾಪಿರೈಟ್ ಕಾಯ್ದೆಗೆ ಬಂದ 2012ರ ತಿದ್ದುಪಡಿಯ ಮೇಲೆ, ಹಾಡು ಬರೆದವರು ರಾಗ ಹಾಕಿದವರು ಬೇಕು ಅಂದರೂ ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲವಂತೆ. ಅವರು ಹಾಡಲಿ ಬಿಡಲಿ, ಹಾಡಿನಿಂದ ದುಡ್ಡು ಬಂದರೆ ಅವರಿಗೆ ಪಾಲಿದೆ. ಅಷ್ಟೆಲ್ಲ ಬಿಡಿಸಿ ಹೇಳಿ, ಫೀಸ್ ಎಷ್ಟು ಅಂದರೆ, "ಅಂಕೋಲಾ ಮೇಲೆ ಬರ್ತೀರಲ್ಲ, ಕರಿ ಇಶಾಡ ತನ್ನಿ" ಅಂದರು. ಮೇ ತಿಂಗಳು. ಎರಡು ಬುಟ್ಟಿ ಕೊಟ್ಟೆ. ಇಂಥ ಊರಿನದೇ ಬೆಳೆ ಅನ್ನೋ ಜಿಐ ಟ್ಯಾಗ್ ಬಂದ ಮೇಲೆ ಆ ಮಾವಿಗೆ ಏನು ಗತ್ತು ಅಂತೀರಿ, ವಕೀಲರ ಫೀಸೇ ಅಗ್ಗ ಇತ್ತೇನೋ.

ಹಾಗಾಗಿ ಅಣ್ಣನ ಮನೆಗೆ ಹೋಗಲೇಬೇಕಾಯಿತು. ಅತ್ತಿಗೆ ಬಾಗಿಲು ತೆಗೆದು, ಏನೂ ಆಗದವರ ಹಾಗೆ ಚಾ ಇಟ್ಟರು. ಅತ್ತಿಗೆ, ಆ ಚಾಕ್ಕೆ ಬೇರೆಯೇ ಥ್ಯಾಂಕ್ಸ್. ಅಣ್ಣ ಕಾಗದ ನೋಡಲಿಲ್ಲ. "ಹಾಡು ಹಾಕು" ಅಂದ. ಮೊಬೈಲಲ್ಲೇ ಹಾಕಿದೆ. ಮೂರು ಹಾಡು ಕಣ್ಣುಮುಚ್ಚಿ ಕೇಳಿದ. ಎದ್ದು ಒಳಗೆ ಹೋಗಿ ಒಂದು ಇನ್ನೂರು ಪುಟದ ಪುಸ್ತಕ ತಂದ. ಅವನ ಪದಗಳ ಪುಸ್ತಕ. ಸಮುದ್ರದ ಹವೆಗೆ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಸಾಲುಗಳ ನಡುವೆ ಕೆಂಪು ಪೆನ್ನಲ್ಲಿ ಸಣ್ಣ ಸಣ್ಣ ಗೀಟು, ಅವನು ಉಸಿರು ತಗೊಳ್ಳುತ್ತಿದ್ದ ಜಾಗಗಳು. "ಮೂರನೇ ಹಾಡಲ್ಲಿ ಅವಳು ತಪ್ಪು ಜಾಗದಲ್ಲಿ ಉಸಿರು ತಗೊಳ್ತಾಳೆ. ಇದನ್ನ ಕೊಡು." ಆಮೇಲೆ ಸಹಿ ಹಾಕಿದ.

ಪುಸ್ತಕ ಈಗ ಹುಡುಗಿಯ ಹತ್ತಿರ ಇದೆ. ಕೆಂಪು ಗೀಟುಗಳಲ್ಲಿ ಅರ್ಧವನ್ನು ಅವಳು ಪೆನ್ಸಿಲಲ್ಲಿ ಹೊಡೆದುಹಾಕಿದ್ದಾಳೆ. ಅವಳ ಉಸಿರು ಇನ್ನೂ ಉದ್ದ. ಅಣ್ಣನಿಗೆ ಇದನ್ನು ನಾನು ಹೇಳಿಲ್ಲ, ಈಗ ಇಲ್ಲಿ ಓದಿ ಗೊತ್ತಾಗುತ್ತದೆ.

ಈ ಥ್ಯಾಂಕ್ಸ್ ಪಟ್ಟಿಯಲ್ಲಿ ನನ್ನ ಹೆಂಡತಿಯನ್ನು ಬಿಟ್ಟರೆ ಅವಳು ನನ್ನನ್ನು ಮನೆಗೆ ಸೇರಿಸಲ್ಲ. ಉಪ್ಪುಗಾಳಿಗೆ ಬಾಸಿನ ತಂತಿ ಎರಡೇ ತಿಂಗಳಿಗೆ ಮಂಕಾಗುತ್ತದೆ, ಹೊಸ ಸೆಟ್ಟಿಗೆ ಎರಡು ಸಾವಿರದ ಮೇಲೆ. ಅದಕ್ಕೆ ತಂತಿ ಬಿಚ್ಚಿ ನೀರಲ್ಲಿ ಕುದಿಸಿ, ಒರೆಸಿ ಮತ್ತೆ ಹಾಕುವುದು. ಶನಿವಾರ ಬೆಳಿಗ್ಗೆ ಅನ್ನದ ಪಾತ್ರೆಯಲ್ಲೇ ಕುದಿಸಿದೆ. ಅವಳು ನೋಡಿದಳು, ಕಾರ್ಯಕ್ರಮ ಮುಗಿಯುವ ತನಕ ಏನೂ ಅನ್ನಲಿಲ್ಲ. ಆಮೇಲೆ ಅಂದದ್ದನ್ನು ಬರೆಯುವ ಹಾಗಿಲ್ಲ.

ಶನಿವಾರ ಅಣ್ಣ ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಕೊನೆಯಲ್ಲಿ ಒಂದು ಹಳೇ ಹಾಡನ್ನು 'ಇ'ಯಲ್ಲೇ ಇಟ್ಟಿದ್ದೆವು, ನನ್ನ ಒತ್ತಾಯಕ್ಕೆ. ಒಂದು ವರ್ಷದ ಮೇಲೆ ದಪ್ಪ ತಂತಿ ಸಿಕ್ಕ ಖುಷಿಗೆ ನಾನು ಮೈಮರೆತು ಬಾರಿಸಿದೆ. ವೈರ್ ಸುತ್ತುತ್ತಿದ್ದಾಗ ಹಿಂದಿನಿಂದ ಭುಜಕ್ಕೆ ಯಾರೋ ತಟ್ಟಿದರು. ತಿರುಗಿದರೆ ಅಣ್ಣ, ಕೈಯಲ್ಲಿ ಆಲ್ಬಂನ ಸಿಡಿ. ದುಡ್ಡು ಕೊಟ್ಟು ತಗೊಂಡಿದ್ದನಂತೆ.

"ಹುಡುಗಿ ಸರಿಯಾಗಿ ಹಾಡಿದಳು" ಅಂದ. "ಕೊನೇ ಹಾಡಲ್ಲಿ ನಿನ್ನ ಬಾಸೇ ಜಾಸ್ತಿ ಆಯ್ತು."

ಮುಂದಿನ ಸಲ ಕಮ್ಮಿ ಮಾಡ್ತೇನೆ ಅಣ್ಣ.