ಭಾನುವಾರ ಟ್ರೈಲರ್‌ನಲ್ಲಿ ದೋಣಿ ತರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಹೊರಡುತ್ತೇವೆ. ದೋಣಿ ಎಳೆದು ತರುವವರು ದಯವಿಟ್ಟು ಇದನ್ನು ಓದಿ.

ನಿಮ್ಮ ಗಾಡಿ ಎಷ್ಟು ತೂಕ ಎಳೆಯಬಹುದು ಅಂತ ಅದರ ಕೈಪಿಡಿಯಲ್ಲಿ ನೋಡಿ. ದೋಣಿಯೊಂದರ ತೂಕ ಲೆಕ್ಕ ಹಾಕಿದರೆ ಸಾಲದು. ಟ್ರೈಲರ್, ಎಂಜಿನ್, ಸಾಮಾನು ಎಲ್ಲ ಸೇರಬೇಕು. 100 ಲೀಟರ್ ಪೆಟ್ರೋಲ್ ಅಂದರೇನೇ ಸುಮಾರು 75 ಕೆಜಿ. ಟ್ರೈಲರ್‌ನ ಹಿಂಭಾಗದಲ್ಲಿ ಭಾರ ಜಾಸ್ತಿಯಾದರೆ ವೇಗದಲ್ಲಿ ಅದು ಅತ್ತಿತ್ತ ಓಲಾಡುತ್ತದೆ. ನನಗೆ ಭಯ ಇರುವುದು ಇದರದ್ದೇ. ಆಗ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ.

ಗಾಡಿಗೂ ಟ್ರೈಲರ್‌ಗೂ ನಡುವಿನ ಸೇಫ್ಟಿ ಚೈನ್ ಎರಡನ್ನೂ ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಬರುವಂತೆ ಹಾಕಿ. ಟೈರ್ ಗಾಳಿ, ಲೈಟು ಹಿಂದಿನ ದಿನವೇ ನೋಡಿಕೊಳ್ಳಿ.

ಗಾಡಿ ಸಾಲದು ಅನ್ನಿಸಿದರೆ ಸುಮ್ನೆ ರಿಸ್ಕ್ ಬೇಡ, ಹೇಳಿ, ಬೇರೆ ಹೊಂದಿಸೋಣ. ಗಾಡಿಯ ಮಾಡೆಲ್, ಒಟ್ಟು ತೂಕ ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹಾಕಿ.